ದುರ್ಬೀನಿನ ಆಪರೇಷನ್ ಎಂದು ಹೇಳಿ ಹೊಟ್ಟೆ ಕೊಯ್ದರು, ಇದು ತಪ್ಪಲ್ವಾ?

ಪ್ರಶ್ನೆ (ಮುಧೋಳದಿಂದ): ಸರ್, ನಮ್ಮಣ್ಣನಿಗೆ ಪಿತ್ತಕೋಶದಲ್ಲಿ ಕಲ್ಲಿತ್ತು. ದುರ್ಬೀನಿನಿಂದ, ಅಂದರೆ ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಇಳಿಸಿ ಪರದೆ ನೋಡುತ್ತಾ ಮಾಡುತ್ತೇವೆ, ನಾಲ್ಕು ಸಣ್ಣ ತೂತು ಸಾಕು ಎಂದಿದ್ದರು. ಹೊರಗೆ ತಂದಾಗ ನೋಡಿದರೆ ಪಕ್ಕೆಲುಬಿನ ಕೆಳಗೆ ಗೇಣುದ್ದ ಹೊಲಿಗೆ! ಕೇಳಿದರೆ "ಕಷ್ಟ ಇತ್ತು" ಅಂದರು, ಅಷ್ಟೇ. ಡಾಕ್ಟರ ಕೈತಪ್ಪು ಅಂತ ಬೀಗರೆಲ್ಲ ಹೇಳುತ್ತಿದ್ದಾರೆ. ಹೌದಾ?

ಉತ್ತರ (ಸರ್ಜನ್, ವಿಜಯಪುರ): ಹೊಟ್ಟೆ ತೆರೆದದ್ದನ್ನೇ ತಪ್ಪು ಅನ್ನಲಾರೆ. ಪದೇ ಪದೇ ನೋವು ಕೊಟ್ಟ ಪಿತ್ತಕೋಶ ಅಕ್ಕಪಕ್ಕದ ಕೊಬ್ಬಿಗೆ, ಕರುಳಿಗೆ ಅಂಟಿಕೊಂಡಿರುತ್ತದೆ. ನಾವು ಕತ್ತರಿಸಬೇಕಾದದ್ದು ಅದರ ನಾಳ ಮತ್ತು ಅದಕ್ಕೆ ರಕ್ತ ತರುವ ನಾಳ. ಪಕ್ಕದಲ್ಲೇ ಲಿವರ್‌ನಿಂದ ಕರುಳಿಗೆ ಇಳಿಯುವ ಮುಖ್ಯ ಪಿತ್ತನಾಳ ಇರುತ್ತದೆ. ತಪ್ಪಿ ಅದಕ್ಕೆ ಕತ್ತರಿ ಬಿದ್ದರೆ ಕಾಮಾಲೆ, ಸೋಂಕು, ಮತ್ತೊಂದು ದೊಡ್ಡ ಆಪರೇಷನ್. ಯಾವುದು ಯಾವ ನಾಳ ಅಂತ ಪರದೆಯ ಮೇಲೆ ಗೊತ್ತಾಗದಿದ್ದರೆ ನಿಲ್ಲಿಸಿ ತೆರೆಯುವುದು ಜಾಣತನ. ನಾನೂ ಎಷ್ಟೋ ಸಲ ತೆರೆದಿದ್ದೇನೆ. ಹೊಸದರಲ್ಲಿ ಸೋತ ಹಾಗೆ ಅನಿಸುತ್ತಿತ್ತು, ಈಗ ಅನಿಸುವುದಿಲ್ಲ.

ಆದರೆ "ತೆರೆಯಬೇಕಾಗಬಹುದು" ಎಂಬ ಮಾತನ್ನು ಸಹಿಗೆ ಮುಂಚೆ, ನಿಮಗೆ ತಿಳಿಯುವ ಕನ್ನಡದಲ್ಲಿ ಹೇಳಬೇಕಿತ್ತು. ಅಲ್ಲಿ ತಪ್ಪಾಗಿದೆ. ನಮ್ಮ ಕಡೆ ಇಂಗ್ಲಿಷ್ ಫಾರ್ಮ್ ಹಿಡಿದು ರಾತ್ರಿ ನರ್ಸ್ ಬರುತ್ತಾರೆ, "ಇಲ್ಲಿ ಸಹಿ ಹಾಕ್ರಿ" ಅನ್ನುತ್ತಾರೆ. ಮುಗೀತು!

ಪ್ರಶ್ನೆ: ಸಹಿ ನಾನೇ ಹಾಕಿದ್ದೆ ಸರ್. ಅಣ್ಣ ಪಕ್ಕದ ಮಂಚದ ಮೇಲೆ ಚಹಾ ಕುಡಿಯುತ್ತಿದ್ದ.

ಉತ್ತರ: ಚಹಾ ಕುಡಿಯುವಷ್ಟು ಎಚ್ಚರ ಇದ್ದವರ ಸಹಿಯನ್ನು ನಿಮ್ಮಿಂದ ಯಾಕೆ ತಗೊಂಡರು? ಹೊಟ್ಟೆ ಅವರದು, ಒಪ್ಪಿಗೆಯೂ ಅವರದೇ. 2008ರಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನೇ ಹೇಳಿತು. ಆಕೆ ಒಪ್ಪಿದ್ದು ದುರ್ಬೀನಿನ ತಪಾಸಣೆಗೆ. ಅರಿವಳಿಕೆಯಲ್ಲಿದ್ದಾಗ ತಾಯಿಯನ್ನು ಕೇಳಿ ಗರ್ಭಕೋಶ ತೆಗೆದರು. ಜೀವಕ್ಕೆ ತುರ್ತು ಅಪಾಯವಿರಲಿಲ್ಲ, ಹಾಗಾಗಿ ತಾಯಿಯ ಒಪ್ಪಿಗೆ ಸಾಲದು ಎಂದಿತು ಕೋರ್ಟ್. ನಿಮ್ಮಣ್ಣನ ವಿಷಯ ಅಷ್ಟು ದೂರ ಹೋಗಿಲ್ಲ, ತೆಗೆಯಬೇಕಾದ ಪಿತ್ತಕೋಶವನ್ನೇ ತೆಗೆದಿದ್ದಾರೆ.

ಬೀಗರ ಮಾತು ಬಿಡಿ. ಅಣ್ಣನ ಕೈಯಿಂದ ಅರ್ಜಿ ಬರೆಸಿ ದಾಖಲೆ ಕೇಳಿ. 2002ರ ವೈದ್ಯಕೀಯ ನೀತಿ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು. ಅದರಲ್ಲಿ ಆಪರೇಷನ್ ಟಿಪ್ಪಣಿ ಇರುತ್ತದೆ, ಯಾಕೆ ತೆರೆದರು ಅಂತ ಬರೆದಿರಬೇಕು. ಅದನ್ನು ಹಿಡಿದು ಮೊದಲು ಅದೇ ಸರ್ಜನ್ ಎದುರು ಕೂತು ಕೇಳಿ. ಜಗಳಕ್ಕಲ್ಲ. ಕೂತು ಹೇಳಲು ಅವರಿಗೂ ಒಂದು ಅವಕಾಶ ಬೇಕಲ್ವಾ?

ಪ್ರಶ್ನೆ: ಆಯ್ತು ಸರ್. ಕಬ್ಬು ಕಡಿಯೋ ಸುಗ್ಗಿ ಬಂತು, ಹೊರೆ ಯಾವಾಗ ಎತ್ತಬಹುದು?

ಉತ್ತರ: ಆರು ವಾರ ಬೇಡವೇ ಬೇಡ. ಹೊಲಿಗೆ ಸಡಿಲಾದರೆ ಅಲ್ಲೇ ಕರುಳು ಉಬ್ಬಿ ಹರ್ನಿಯಾ ಆಗುತ್ತದೆ. ಆಮೇಲೂ ಗಾಯ ತೋರಿಸಿಯೇ ಎತ್ತಲಿ.