ನೆಲದ ಮೇಲೆ ಒಂದು ಹನಿ ಇಲ್ಲ, ಆಯಿಲ್ ಮಾತ್ರ ಮಾಯ: ಎಂಜಿನ್ ಇಳಿಸಬೇಕಾ?

ಹಳೆ ಪಿಕಪ್: ನನ್ನದು ಟರ್ಬೊ ಇರುವ ಹಳೆಯ ಡೀಸೆಲ್ ಪಿಕಪ್. 2,80,000 ಕಿ.ಮೀ. ದಾಟಿದೆ. 1,000 ಕಿ.ಮೀ.ಗೆ ಸುಮಾರು ಒಂದು ಲೀಟರ್ ಆಯಿಲ್ ಕಡಿಮೆಯಾಗುತ್ತಿದೆ. ನಿಲ್ಲಿಸಿದ ಕಡೆ ಹನಿ ಬೀಳುವುದಿಲ್ಲ. ನೀಲಿ ಹೊಗೆ ಕಾಣುವುದಿಲ್ಲ. ಕೂಲೆಂಟ್ ಸ್ವಚ್ಛವಾಗಿದೆ. ಮೆಕ್ಯಾನಿಕ್ ಎಂಜಿನ್ ಇಳಿಸೋಣ ಅನ್ನುತ್ತಿದ್ದಾರೆ. ಅನುಭವ ಇದ್ದವರು ಹೇಳಿ.

ಸುಟ್ಟ ಕೈ: ಇಳಿಸಬೇಡಿ. ನಾನು ಇಳಿಸಿ ಅನುಭವಿಸಿದ್ದೇನೆ. ನಮ್ಮ ಮೆಕ್ಯಾನಿಕ್‌ದೂ ಒಂದೇ ಮಾತು, ‘ಪಿಸ್ಟನ್ ಸುತ್ತಲಿನ ರಿಂಗ್ ಹೋಗಿದೆ’. ರಿಂಗ್ ಸೆಟ್, ಬೇರಿಂಗ್, ಫುಲ್ ಗ್ಯಾಸ್ಕೆಟ್ ಸೆಟ್, ಹೆಡ್ ಫೇಸಿಂಗ್, ವಾಲ್ವ್ ಸೀಲ್ ಎಲ್ಲಾ ಹಾಕಿಸಿದೆ. ಹೇಗೂ ಗೇರ್‌ಬಾಕ್ಸ್ ಬಿಚ್ಚಿದೆ, ಕ್ಲಚ್ ಪ್ಲೇಟೂ ಬದಲಾಯಿಸೋಣ ಅಂದರು. ಅದೂ ಆಯಿತು. ಹೋನಿಂಗ್‌ಗೆ ಹೋದ ಬ್ಲಾಕ್ ಲೇತ್ ಶಾಪ್‌ನಲ್ಲಿ ವಾರಗಟ್ಟಲೆ ಬಿದ್ದಿತ್ತು. ಜೋಡಿಸುವಾಗ ಹೆಡ್ ಬೋಲ್ಟಿನ ಥ್ರೆಡ್ ಹಾರಿತು, ಅದಕ್ಕೆ ಮತ್ತೆ ಬೇರೆ ಕಡೆ ಓಡಾಟ. ಅಷ್ಟು ದಿನವೂ ಬಾಡಿಗೆ ಗಾಡಿಯಲ್ಲೇ ಲೋಡ್ ಸಾಗಿಸಿದೆ, ಆ ಲೆಕ್ಕ ಇಲ್ಲಿ ಹೇಳುವುದೇ ಬೇಡ. ಎಲ್ಲಾ ಮುಗಿದ ಮೇಲೆ ನೋಡಿದರೆ ಆಯಿಲ್ ಮೊದಲಿನಷ್ಟೇ ಇಳಿಯುತ್ತಿದೆ!

ಕೊನೆಗೆ ಇನ್ನೊಬ್ಬರು, ಟರ್ಬೊ ಒತ್ತುವ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಪೈಪ್ ಬಿಚ್ಚಿದರು. ಆಯಿಲ್ ದಬದಬ ಸುರಿಯಿತು. ಟರ್ಬೊದಿಂದ ಎಂಜಿನ್ ಅಡಿಯ ಆಯಿಲ್ ಚೇಂಬರಿಗೆ ಇಳಿಯುವ ರಿಟರ್ನ್ ಪೈಪ್ ಕಾರ್ಬನ್ ಕಟ್ಟಿಕೊಂಡಿತ್ತು. ಇಳಿಯಲು ದಾರಿ ಇಲ್ಲದ ಆಯಿಲ್ ಟರ್ಬೊ ಸೀಲ್ ದಾಟಿ, ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಾದ ಇನ್‌ಟೇಕ್‌ಗೆ ಹೋಗುತ್ತಿತ್ತು. ಒಂದು ಪೈಪ್ ಸಾರ್, ಗೇಣುದ್ದ ಪೈಪ್!

ಬ್ರೀದರ್ ಭಕ್ತ: ಇಂಥ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ನನ್ನದು ವಿ-8 ಪೆಟ್ರೋಲ್. ನನಗೂ ರಿಂಗ್ ಅಂತಲೇ ಹೇಳಿದ್ದರು. ನಾನು ಒಪ್ಪಲಿಲ್ಲ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿದೆ, ಎಲ್ಲಾ ಸಿಲಿಂಡರೂ ಸಮ ಬಂದವು. ಆಗಲೇ ರಿಂಗ್ ಮಾತು ಮುಗಿಯಿತು. ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಬಿಡುವ ಪಿಸಿವಿ ವಾಲ್ವ್ ತೆರೆದ ಸ್ಥಿತಿಯಲ್ಲೇ ಹಿಡಿದುಕೊಂಡಿತ್ತು. ಇನ್‌ಟೇಕ್ ಆಯಿಲ್ ಆವಿಯನ್ನು ಸುಮ್ನೆ ಎಳೆದುಕೊಂಡು ಸುಡುತ್ತಿತ್ತು. ವಾಲ್ವ್ ಬದಲಾಯಿಸಿದೆ, ಟ್ಯಾಪೆಟ್ ಕವರಿನೊಳಗಿನ ಬ್ಯಾಫಲ್ ತೊಳೆದೆ, ಅಷ್ಟೇ. ಸ್ಪ್ಯಾನರ್ ಹಿಡಿಯಲು ಬಂದರೆ ಮನೆಯಲ್ಲೇ ಆಗುವ ಕೆಲಸ.

ಗಟ್ಟಿ ರಿಂಗ್: ಕಂಪ್ರೆಷನ್ ಸಮ ಬಂದರೆ ರಿಂಗ್ ಮಾತು ಮುಗಿಯಿತಾ? ಯಾರು ಹೇಳಿದ್ದು? ಒತ್ತಡ ಹಿಡಿಯುವುದು ಮೇಲಿನ ರಿಂಗ್‌ಗಳು. ಗೋಡೆ ಮೇಲಿನ ಆಯಿಲ್ ಒರೆಸುವುದು ಕೆಳಗಿನ ಆಯಿಲ್ ರಿಂಗ್. ಅದು ಕಾರ್ಬನ್‌ನಲ್ಲಿ ಕೂತುಬಿಟ್ಟರೂ ಕಂಪ್ರೆಷನ್ ಚೆನ್ನಾಗಿಯೇ ಬರಬಹುದು. ನನ್ನ ಗಾಡಿಯಲ್ಲಿ ಆಗಿದ್ದೇ ಅದು. ಕಂಪ್ರೆಷನ್ ಫಸ್ಟ್ ಕ್ಲಾಸ್, ಒತ್ತಡ ಎಷ್ಟು ಸೋರುತ್ತದೆ ಅಂತ ನೋಡುವ ಲೀಕ್‌ಡೌನ್ ಟೆಸ್ಟೂ ಪಾಸ್. ಪಿಸ್ಟನ್ ಹೊರಗೆ ತೆಗೆದರೆ ಆಯಿಲ್ ರಿಂಗ್ ಅಲುಗಾಡುತ್ತಿರಲಿಲ್ಲ, ಹಿಂದಿನ ತೂತುಗಳೆಲ್ಲ ಮುಚ್ಚಿದ್ದವು. ನಾನು ಎಂಜಿನ್ ಇಳಿಸಿದೆ, ಖರ್ಚು ಮಾಡಿದೆ, ಇವತ್ತು ಒಂದು ಸರ್ವಿಸ್‌ನಿಂದ ಇನ್ನೊಂದು ಸರ್ವಿಸ್‌ವರೆಗೆ ಡಿಪ್‌ಸ್ಟಿಕ್ ಗೆರೆ ಬಿಟ್ಟು ಕದಲುವುದಿಲ್ಲ. ಇಳಿಸಿದವರೆಲ್ಲ ಮೋಸ ಹೋದವರಲ್ಲ.

ಸುಟ್ಟ ಕೈ: ನನ್ನನ್ನು ಮೋಸ ಹೋದವನು ಅಂದಿರಾ?

ಗಟ್ಟಿ ರಿಂಗ್: ಟರ್ಬೊ ಪೈಪ್ ನೋಡದೆ ಹೆಡ್ ಬಿಚ್ಚಿದವರನ್ನು ಏನನ್ನಬೇಕು, ನೀವೇ ಹೇಳಿ.

ದಪ್ಪ ಆಯಿಲ್: ಇಷ್ಟೆಲ್ಲ ಯಾಕೆ? 15ಡಬ್ಲ್ಯು-40 ಬದಲು ಅದಕ್ಕಿಂತ ದಪ್ಪ ಆಯಿಲ್ 20ಡಬ್ಲ್ಯು-50 ಹಾಕಿ. ನನ್ನದರಲ್ಲಿ ಆಯಿಲ್ ಕಡಿಮೆಯಾಗುವುದು ಅರ್ಧವಾಯಿತು. ಡಬ್ಬಿ ಸೀಟಿನ ಹಿಂದೆ ಇಟ್ಟುಕೊಂಡು ಆರಾಮಾಗಿ ಓಡಿಸುತ್ತಿದ್ದೇನೆ.

ಗಟ್ಟಿ ರಿಂಗ್: ಹಲ್ಲುನೋವಿಗೆ ಲವಂಗ ಕಚ್ಚಿದ ಹಾಗೆ.

ಸುಟ್ಟ ಕೈ: ಟರ್ಬೊ ಇರುವವರಿಗೆ ‘ಆರಾಮಾಗಿ ಓಡಿಸಿ’ ಅನ್ನಬೇಡಿ ದಯವಿಟ್ಟು. ಇನ್‌ಟೇಕ್‌ಗೆ ಆಯಿಲ್ ಜಾಸ್ತಿ ಹೋದರೆ ಡೀಸೆಲ್ ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು ರೇಸ್ ಏರುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಗಾಳಿ ಬರುವ ದಾರಿ ಮುಚ್ಚಬೇಕು, ಇಲ್ಲವೇ ಗೇರ್‌ನಲ್ಲಿ ಹಾಕಿ ಬ್ರೇಕ್ ಒತ್ತಿ ಎಂಜಿನ್ ಉಸಿರು ಕಟ್ಟಿಸಬೇಕು.

ದಪ್ಪ ಆಯಿಲ್: ನನ್ನ ಗಾಡಿಗೆ ಟರ್ಬೊನೇ ಇಲ್ಲ. ಸುಮ್ನೆ ಹೆದರಿಸಬೇಡಿ.

ಆಲ್ಟರ್ನೇಟರ್ ಸಂತ್ರಸ್ತ: ನನ್ನದು ಎಲ್ಲರಿಗಿಂತ ವಿಚಿತ್ರ. ಮೊದಲು ಬ್ಯಾಟರಿ ಲೈಟ್ ಹತ್ತಿತು. ಬ್ಯಾಟರಿ ಬದಲಾಯಿಸಿದರು. ಮತ್ತೆ ಹತ್ತಿತು, ರೆಗ್ಯುಲೇಟರ್ ಬದಲಾಯಿಸಿದರು. ಮತ್ತೆ ಹತ್ತಿತು, ಬ್ರಷ್, ಬೇರಿಂಗ್, ಡಯೋಡ್ ಪ್ಲೇಟ್ ಎಲ್ಲಾ ಹೊಸದು. ಆಯಿಲ್ ಕಡಿಮೆಯಾಗುವುದನ್ನು ಬೇರೆ ರೋಗ ಅಂತ ಬೇರೆ ಗ್ಯಾರೇಜಿನಲ್ಲಿ ತೋರಿಸುತ್ತಿದ್ದೆ. ಎರಡೂ ಒಂದೇ! ನನ್ನ ಗಾಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಿಂದೆ ಬ್ರೇಕಿಗಾಗಿ ವ್ಯಾಕ್ಯೂಮ್ ಪಂಪ್ ಇದೆ, ಅದಕ್ಕೆ ಎಂಜಿನ್ ಆಯಿಲೇ ಬರುತ್ತದೆ. ನಡುವಿನ ಸೀಲ್ ಹೋಗಿ ಬ್ರಷ್‌ಗಳು ಆಯಿಲಿನಲ್ಲಿ ನೆನೆದಿದ್ದವು. ಎಂಜಿನ್ ಓಡುವಾಗ ಮಾತ್ರ ಒತ್ತಡ, ಹಾಗಾಗಿ ನಿಲ್ಲಿಸಿದಾಗ ಹನಿ ಇಲ್ಲ. ಗಾಳಿ ಅದನ್ನು ಚಾಸಿಸ್‌ಗೆಲ್ಲ ಎರಚಿತ್ತು. ಧೂಳು ಮೆತ್ತಿಕೊಂಡು ಒಣಗಿದ ಮಣ್ಣಿನಂತೆ ಕಾಣುತ್ತಿತ್ತು. ಎಂಜಿನ್ ತೊಳೆಸಿ, ಆಯಿಲಿಗೆ ಯುವಿ ಡೈ ಹಾಕಿ, ಓಡಿಸಿ ಬಂದು ಕತ್ತಲಲ್ಲಿ ಯುವಿ ಲೈಟ್ ಹಿಡಿದಾಗಲೇ ಗೊತ್ತಾಗಿದ್ದು.

ಹಳೆ ಪಿಕಪ್: ಇವತ್ತು ಇಂಟರ್‌ಕೂಲರ್ ಕೆಳಗಿನ ಪೈಪ್ ಬಿಚ್ಚಿ ನೋಡಿದೆ. ಬೆರಳಿಗೆ ಆಯಿಲ್ ಹತ್ತುತ್ತದೆ, ಸುರಿಯುವಷ್ಟಿಲ್ಲ. ಇದು ಸಹಜವಾ?

ಸುಟ್ಟ ಕೈ: ಸ್ವಲ್ಪ ಜಿಡ್ಡು, ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್‌ನಿಂದ ಬಂದೇ ಬರುತ್ತದೆ. ಆದರೂ ರಿಟರ್ನ್ ಪೈಪ್ ಬಿಚ್ಚಿ ನೋಡಿ.

ಬ್ರೀದರ್ ಭಕ್ತ: ಹೊಗೆ ಇಲ್ಲ ಅಂದಿರಲ್ಲ, ನೋಡಿದ್ದು ಯಾರು? ಓಡಿಸುವವರಿಗೆ ಅದು ಕಾಣುವುದು ಕಷ್ಟ. ಹಿಂದೆ ಒಬ್ಬರನ್ನು ಬೇರೆ ಗಾಡಿಯಲ್ಲಿ ಬರಲು ಹೇಳಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್.

ಗಟ್ಟಿ ರಿಂಗ್: ಅದು ಪೆಟ್ರೋಲ್ ಲೆಕ್ಕ! ಹಳೆ ಡೀಸೆಲ್‌ಗಳಲ್ಲಿ ಸಾಮಾನ್ಯವಾಗಿ ಒಳಬರುವ ಗಾಳಿ ತಡೆಯುವ ಥ್ರಾಟಲ್ ಇರುವುದಿಲ್ಲ. ಆಕ್ಸಿಲರೇಟರ್ ಬಿಟ್ಟರೂ ಇನ್‌ಟೇಕ್‌ನಲ್ಲಿ ಅಷ್ಟು ಎಳೆತ ಬರುವುದಿಲ್ಲ. ಬರುವಂತಿದ್ದರೆ ಬ್ರೇಕಿಗೆ ಬೇರೆ ಪಂಪ್ ಯಾಕೆ ಇಡುತ್ತಿದ್ದರು? ಪೋಸ್ಟ್ ಓದಿ ಉತ್ತರ ಕೊಡಿ ಸ್ವಾಮಿ.

ಬ್ರೀದರ್ ಭಕ್ತ: ನೀವು ಓದಿದ್ದೀರಾ? ನಿಮ್ಮ ರಿಂಗ್ ಬಿಟ್ಟು ಬೇರೆ ಒಂದು ಸಾಲು ಬರೆದಿಲ್ಲ.

ಆಲ್ಟರ್ನೇಟರ್ ಸಂತ್ರಸ್ತ: ನೋಡಿ, ಕೊನೆಗೆ ಪಂಪ್ ಹತ್ತಿರವೇ ಬಂದಿರಿ. ಪಿಕಪ್ ಅವರೇ, ಬ್ಯಾಟರಿ ಲೈಟ್ ಯಾವಾಗಲಾದರೂ ಮಿನುಗಿದೆಯಾ? ಅದನ್ನು ಹೇಳಿ ಮೊದಲು.