80 ದಿನ ಆತು, ಮುಟ್ಟಾಗಿಲ್ಲ, ಗರ್ಭಿಣೀನೂ ಅಲ್ಲ

ಪ್ರಶ್ನೆ (ಗದಗ): ತಂಗಿಗೆ 24 ವರ್ಷ, ಧಾರವಾಡದಾಗ ಕೋಚಿಂಗಿಗೆ ಅದಾಳ. ಮೊದಲ 30 ದಿನಕ್ಕೊಮ್ಮೆ ಸರಿಯಾಗಿ ಆಗ್ತಿತ್ತು. 10 ದಿನ ಬಿಟ್ಟು ಎರಡು ಸಲ ಮೂತ್ರ ಪರೀಕ್ಷೆ ಮಾಡಿದ್ರೂ ಒಂದೇ ಗೆರಿ. ಮೆಡಿಕಲ್‌ನವ್ರು ಮುಟ್ಟು ತರಸೋ ಗುಳಿಗಿ ಕೊಡ್ತೀನಿ ಅಂತಾರ. ತಗೋಬೇಕೋ, ಸ್ಕ್ಯಾನಿಂಗ್ ಮಾಡಸಬೇಕೋ?

ಉತ್ತರ (ಹುಬ್ಬಳ್ಳಿ): ಗುಳಿಗಿ ಈಗ ಬ್ಯಾಡ್ರಿ. ರಕ್ತ ಹೋಗಬಹುದು, ಆದ್ರ ಯಾಕ ನಿಂತಿತ್ತು ಅನ್ನೋದು ತಿಳಿಯೂದಿಲ್ಲ. ಮೊದಲ ಔಷಧದ ಲೆಕ್ಕ ಹಾಕ್ರಿ. ಯಲ್ಲಮ್ಮನ ಗುಡ್ಡಕ್ಕ ಹೋಗಾಕ ಅಂತ ಮುಟ್ಟು ಮುಂದೂಡೋ ಗುಳಿಗಿ ತಗೊಂಡಿದ್ರ, ಬಿಟ್ಟ 2–3 ದಿನಕ್ಕ ಆಗಬೇಕು. ಗರ್ಭ ತಡಿಯೋ 72 ತಾಸಿನ ತುರ್ತು ಗುಳಿಗಿ ಆದ್ರ ಸಾಮಾನ್ಯವಾಗಿ ಒಂದು ವಾರ ಹಿಂದ-ಮುಂದ. ಸರ್ಕಾರಿ ಆಸ್ಪತ್ರಿಯ ಗರ್ಭ ತಡಿಯೋ 'ಅಂತರಾ' ಇಂಜೆಕ್ಷನ್ ಹಾಕಿಸಿಕೊಂಡವರಿಗೆ ತಿಂಗಳಾನುಗಟ್ಟಲೆ ನಿಲ್ಲೋದು ಸಹಜ. ವಾಂತಿಗೆ ಕೊಡೋ ಡೊಂಪೆರಿಡೋನ್, ಮನೋರೋಗಕ್ಕ ಕೊಡೋ ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ (ಎದಿಹಾಲು ತರಸೋ ಹಾರ್ಮೋನ್) ಏರಿಸಿ ಮುಟ್ಟು ತಡೀತಾವ. ತಾವಾಗೇ ಬಿಡಬ್ಯಾಡ್ರಿ, ಬರದುಕೊಟ್ಟ ಡಾಕ್ಟರ್‌ಗೆ ತಿಳಸ್ರಿ. ತೂಕ ಎಷ್ಟು?

ಪ್ರಶ್ನೆ ಕೇಳಿದವರು: ಔಷಧ ಯಾವುದೂ ಇಲ್ರಿ. 4 ತಿಂಗಳಾಗ 54 ಕೆಜಿಯಿಂದ 46ಕ್ಕ ಬಂದಾಳ. ಮುಂಜಾನೆ ಚಹಾ, ರಾತ್ರಿ ಊಟ, ಅಷ್ಟ.

ಉತ್ತರ (ಧಾರವಾಡ): ಅಲ್ಲೇ ಸಂಶಯ ಅದ. ಹೊಟ್ಟಿಗೆ ಕಡಿಮಿ ಬಿದ್ರ ಮಿದುಳು ಅಂಡಾಶಯಕ್ಕ ಕಳಸೋ ಸಂಕೇತಾನೇ ತಗ್ಗಸ್ತದ. ಆದ್ರೂ ಥೈರಾಯ್ಡ್ ಏರಿದ್ರೂ ತೂಕ ಇಳೀತದ, ಅದಕ್ಕ ಟಿಎಸ್‌ಎಚ್ (ಥೈರಾಯ್ಡ್ ನೋಡೋದು), ಪ್ರೊಲ್ಯಾಕ್ಟಿನ್, ಎಫ್‌ಎಸ್‌ಎಚ್ (ಮಿದುಳಿನಿಂದ ಅಂಡಾಶಯಕ್ಕ ಹೋಗೋ ಹಾರ್ಮೋನ್), ಎಸ್ಟ್ರಾಡಯಾಲ್ (ಅಂಡಾಶಯದ ಹಾರ್ಮೋನ್) ರಕ್ತ ಪರೀಕ್ಷೆ ಮಾಡಸ್ರಿ. ಎದ್ದು 2–3 ತಾಸು ಆದ ಮ್ಯಾಲೆ, ಲ್ಯಾಬಿನಾಗ ಸ್ವಲ್ಪ ಕೂತು ರಕ್ತ ಕೊಡಬೇಕು. ಓಡಿಬಂದು ಕೊಟ್ರ ಪ್ರೊಲ್ಯಾಕ್ಟಿನ್ ಸುಮ್ಮನ ಏರ್ತದ. ಕೂದಲಿಗೆ ಬಯೋಟಿನ್ ನುಂಗ್ತಿದ್ರ 2 ದಿನ ಮೊದಲೇ ನಿಲ್ಲಸ್ರಿ, ಟಿಎಸ್‌ಎಚ್ ಸುಳ್ಳು ತೋರಸಬಹುದು. ಎಫ್‌ಎಸ್‌ಎಚ್ ಬಹಳ ಹೆಚ್ಚು ಬಂದ್ರ ಅಂಡಾಶಯ ಬೇಗ ಸೋತದೇನು ಅಂತ ನೋಡಲಿಕ್ಕೆ ಒಂದು ತಿಂಗಳ ಮ್ಯಾಲೆ ಮತ್ತೊಮ್ಮೆ ತೆಗೀತಾರ.

ಸ್ಕ್ಯಾನಿಂಗಿಗೆ ಒಂದು ತಾಸು ಮೊದಲ 4–5 ಗ್ಲಾಸ್ ನೀರು ಕುಡದು, ಮೂತ್ರ ತಡಕೊಂಡು ಹೋಗ್ರಿ. ಅಂಡಾಶಯದಾಗ ಗುಳ್ಳಿ ಕಂಡ್ವು ಅಂತ ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೋ ತೊಂದರಿ) ಹಣೆಪಟ್ಟಿ ಹಚ್ಚಿಸಿಕೊಳ್ಳಬ್ಯಾಡ್ರಿ. ತೂಕ ಇಳದವರಲ್ಲೂ ಅವು ಕಾಣತಾವ. ಇಂಥವರಿಗೆ 'ತೂಕ ಇಳಸ್ರಿ' ಅಂದ್ರ ಉಲ್ಟಾ ಆಗ್ತದ.

ಉತ್ತರ (ಹುಬ್ಬಳ್ಳಿ): ಮೂರು ಹೊತ್ತು ರೊಟ್ಟಿ, ಬ್ಯಾಳಿ, ಮೊಸರು, ಶೇಂಗಾ ಹೊಟ್ಟಿಗೆ ಬೀಳಲಿ. ತೂಕ ಬಂದ ಮ್ಯಾಲೂ ಮುಟ್ಟು ಬರಾಕ ಕೆಲವು ತಿಂಗಳು ಬೇಕು. 6 ತಿಂಗಳು ದಾಟಿದ್ರ ಎಲುಬು ಸವೀತಾವು, ಅದಕ್ಕ ಕಾಯಬ್ಯಾಡ್ರಿ. ಇದ ವಾರ ಸ್ತ್ರೀರೋಗ ಡಾಕ್ಟರ್‌ಗೆ ತೋರಸ್ರಿ. ಮೊಲೆಯಿಂದ ಹಾಲು ಬಂದ್ರ, ತಲಿನೋವಿನ ಜೋಡಿ ಕಣ್ಣು ಮಂಜಾದ್ರ ನಾಳೇನ ಹೋಗ್ರಿ.