60 ಮನೆಗಳ ಬಡಾವಣೆ: ಸೋಲಾರ್, ಹಸಿ ಕಸ, ಬಯೋಗ್ಯಾಸ್ – ಯಾವುದು ಮನೆಮನೆಗೆ, ಯಾವುದು ಸಂಘಕ್ಕೆ?

ಪ್ರಶ್ನೆ | ಕಾರ್ಯದರ್ಶಿ_ಮೈಸೂರು

ಮೈಸೂರಿನಲ್ಲಿ 60 ಮನೆಗಳ ಬಡಾವಣೆ. ಅಪಾರ್ಟ್‌ಮೆಂಟ್ ಅಲ್ಲ, ಎಲ್ಲವೂ ಬಿಡಿ ಮನೆಗಳು, ಹೆಚ್ಚಿನವು 30x40 ಸೈಟಿನವು. ಒಂದು ಪಾರ್ಕ್, ಅದಕ್ಕೊಂದು ಬೋರ್‌ವೆಲ್, ರಸ್ತೆ ಬದಿಯಲ್ಲಿ ಹೊಂಗೆ ಮತ್ತು ಮಳೆಮರ.

ಸಂಘದ ಮುಂದೆ ಮೂರು ಪ್ರಸ್ತಾಪ ಇವೆ. ಪಾರ್ಕಿನ ಮೂಲೆಯಲ್ಲಿ ಎಲ್ಲರ ಹಸಿ ಕಸಕ್ಕೂ ಸೇರಿ ಒಂದೇ ಬಯೋಗ್ಯಾಸ್ ಘಟಕ. ಅದು ಬೇಡವಾದರೆ 24 ಗಂಟೆಯಲ್ಲಿ ಗೊಬ್ಬರ ಮಾಡಿಕೊಡುತ್ತದೆ ಎನ್ನುವ ಕರೆಂಟ್ ಯಂತ್ರ. ಜೊತೆಗೆ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಚಾವಣಿ ಸೋಲಾರ್. ಕಸದ ವಿಷಯಕ್ಕೆ 40 ಮನೆಯವರು ಒಪ್ಪಿದ್ದಾರೆ. ಸೋಲಾರ್ ಅಂದರೆ ಎಲ್ಲರಿಗೂ ಇಷ್ಟ, ಆದರೆ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಗೃಹಜ್ಯೋತಿಯಿಂದ ಬಿಲ್ಲೇ ಸೊನ್ನೆ. ಇವುಗಳಲ್ಲಿ ಸಂಘ ಯಾವುದಕ್ಕೆ ಹಣ ಹಾಕಬೇಕು, ಯಾವುದನ್ನು ಮನೆಯವರಿಗೇ ಬಿಡಬೇಕು? ಲೆಕ್ಕ ಸಮೇತ ಹೇಳಿದರೆ ಸಭೆಯಲ್ಲಿ ಇಡಲು ಅನುಕೂಲ.

ಉತ್ತರ 1 | ಎಲೆಗೊಬ್ಬರ

ಯಂತ್ರವನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. 24 ಗಂಟೆಯಲ್ಲಿ ಅದು ಮಾಡುವುದು ಕಸವನ್ನು ಕಾಯಿಸಿ, ಒಣಗಿಸಿ, ಪುಡಿ ಮಾಡುವ ಕೆಲಸ. ಹೊರಬರುವುದು ನೋಡಲು ಕಾಫಿಪುಡಿಯ ಹಾಗೆ ಚೆನ್ನಾಗಿರುತ್ತದೆ. ಗಿಡದ ಬುಡಕ್ಕೆ ಹಾಕಿ ನೀರು ಬಿದ್ದ ಮೇಲೆ ಕೊಳೆಯುವ ಕೆಲಸ ಅಲ್ಲಿಂದ ಶುರುವಾಗುತ್ತದೆ: ವಾಸನೆ, ಬೂಷ್ಟು, ಬೇರಿಗೆ ಪೆಟ್ಟು. ಇನ್ನೂ ಕೆಲವು ವಾರ ಮಾಗಿಸಲೇಬೇಕು. ಕರೆಂಟ್ ಉಳಿಸಲು ಹೊರಟವರು ದಿನವಿಡೀ ಉರಿಯುವ ಹೀಟರ್ ಕೊಳ್ಳುವುದು ಯಾಕೋ ತಿಳಿಯದು.

ಹಸಿ ಕಸ ಮನೆಯಲ್ಲೇ ಗೊಬ್ಬರವಾಗಲಿ. ಸಂಘ ನೋಡಿಕೊಳ್ಳಬೇಕಾದದ್ದು ಒಣ ಎಲೆ. ಗೊಬ್ಬರದ ಮಡಕೆ ಕೊಂಡ ಮನೆಗಳು ಕೆಲವೇ ತಿಂಗಳಲ್ಲಿ ಕೈಬಿಡುವುದಕ್ಕೆ ಮುಖ್ಯ ಕಾರಣ ಸೋಮಾರಿತನ ಅಲ್ಲ, ಒಣ ಪದಾರ್ಥ ಮುಗಿದು ಹೋಗುವುದು. ಎಲೆ ಉದುರುವುದು ಜನವರಿಯಿಂದ ಮಾರ್ಚ್‌ವರೆಗೆ. ಅದರ ಅಗತ್ಯ ಹೆಚ್ಚುವುದು ಜೂನ್ ಆದ ಮೇಲೆ, ಗಾಳಿಯೇ ಒದ್ದೆಯಾಗಿರುವಾಗ. ನಡುವಿನ ಅಂತರವನ್ನು ದಾಟಿಸುವುದು ಒಬ್ಬೊಬ್ಬರ ಮನೆಯಲ್ಲಿ ಆಗದು, ಜಾಗ ಇಲ್ಲ.

ಲೆಕ್ಕ ಹೀಗೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಸುಮಾರು 700 ಗ್ರಾಂ ಹಸಿ ಕಸ. 40 ಮನೆಗೆ 28 ಕೆ.ಜಿ., ಅಂದರೆ 60 ಲೀಟರ್ ಚಿಲ್ಲರೆ. ಪುಡಿ ಮಾಡಿದ ಒಣ ಎಲೆ ಅಷ್ಟೇ ಗಾತ್ರ ಬೇಕು, ತೂಕದಲ್ಲಿ ಆರು-ಏಳು ಕೆ.ಜಿ. ಹೀಗೆ ಬೆರೆಸಿದರೆ ಇಂಗಾಲ-ಸಾರಜನಕದ ಅನುಪಾತ ಗೊಬ್ಬರಕ್ಕೆ ಬೇಕಾದ 25ರಿಂದ 30ರೊಳಗೆ ಬಂದು ನಿಲ್ಲುತ್ತದೆ. ಬರೀ ಅಡುಗೆಮನೆ ಕಸದಲ್ಲಿ ಅದು 20ಕ್ಕಿಂತ ಕೆಳಗಿರುತ್ತದೆ, ಅದಕ್ಕೇ ನಾರುವುದು. 50 ಕೆ.ಜಿ. ಅಕ್ಕಿ ಚೀಲದಲ್ಲಿ ಒತ್ತಿ ತುಂಬಿದರೆ ಆರು-ಏಳು ಕೆ.ಜಿ. ಎಲೆ ಹಿಡಿಯುತ್ತದೆ. ಅಂದರೆ 40 ಮನೆಗೂ ಸೇರಿ ದಿನಕ್ಕೊಂದು ಚೀಲ, ಒಂದು ಮನೆಗೆ 40 ದಿನಕ್ಕೊಂದು ಚೀಲ. ಜೂನ್‌ನಿಂದ ಅಕ್ಟೋಬರ್‌ವರೆಗೆ 150 ಚೀಲ. 10x10 ಅಡಿ ಶೆಡ್‌ನಲ್ಲಿ ನಾಲ್ಕಡಿ ಎತ್ತರಕ್ಕೆ ಪೇರಿಸಿದರೆ ಹಿಡಿಯುತ್ತದೆ. ಕೆಳಗೆ ಮರದ ಪ್ಯಾಲೆಟ್ ಇಡಿ, ನೆಲದ ತೇವ ಏರಬಾರದು. ಸಂಘದ ಹಣ ಈ ಶೆಡ್‌ಗೆ ಮತ್ತು ಒಂದು 2 ಎಚ್.ಪಿ. ಎಲೆ ಕತ್ತರಿಸುವ ಯಂತ್ರಕ್ಕೆ ಹೋಗಲಿ.

ಮಳೆಮರ ಇದ್ದರೆ ನೀವು ಅದೃಷ್ಟವಂತರು. ಅದರ ಎಲೆ ಎಷ್ಟು ಚಿಕ್ಕದೆಂದರೆ ಕತ್ತರಿಸುವ ಕೆಲಸವೇ ಇಲ್ಲ, ನೇರ ಚೀಲಕ್ಕೆ. ಹೊಂಗೆ ಬೇಗ ಕರಗುತ್ತದೆ. ಮಾವು, ಹಲಸಿನ ಎಲೆ ಮೇಣದ ಹಾಗೆ ನುಣುಪು, ಕತ್ತರಿಸದೆ ಹಾಕಿದರೆ ವರ್ಷವಾದರೂ ಹಾಗೇ ಇರುತ್ತದೆ. ರಸ್ತೆ ಗುಡಿಸಿದ ಎಲೆಯಲ್ಲಿ ಗುಟ್ಕಾ ಚೀಟಿ, ಗಾಜಿನ ಚೂರು ಇದ್ದೇ ಇರುತ್ತವೆ. ಯಂತ್ರಕ್ಕೆ ಹಾಕುವ ಮುಂಚೆ ಜರಡಿ ಹಿಡಿಯಿರಿ. ಪೌರಕಾರ್ಮಿಕರ ಜೊತೆ ಮೊದಲೇ ಮಾತಾಡಿ: ಎಲೆಯನ್ನು ಬೇರೆ ಗುಡ್ಡೆ ಮಾಡಿಕೊಟ್ಟರೆ ಅವರ ಗಾಡಿಗೂ ಹೊರೆ ಕಡಿಮೆ, ಸುಡುವುದೂ ತಪ್ಪುತ್ತದೆ.

ಮನೆಯ ವ್ಯವಸ್ಥೆಗೆ 30-40 ಲೀಟರಿನ ಮೂರು ಮಡಕೆ ಅಥವಾ ಬಕೆಟ್ ಸಾಕು. ಮಡಕೆಯ ಬದಿಗೆ ತೂತು, ಒಳಗಿನಿಂದ ನೊಣ ನುಗ್ಗದ ಜಾಲರಿ, ನೆಲದಿಂದ ನಾಲ್ಕು ಇಂಚು ಮೇಲೆ. ತಳಕ್ಕೆ ತೆಂಗಿನ ನಾರು. ಮೊದಲ ದಿನ ಒಂದೆರಡು ಹಿಡಿ ಹಳೇ ಗೊಬ್ಬರ, ಅದಿಲ್ಲದಿದ್ದರೆ ಹುಳಿ ಮಜ್ಜಿಗೆ. ದುಡ್ಡು ಕೊಟ್ಟು ಸೂಕ್ಷ್ಮಾಣು ಪುಡಿ ತರಬೇಕಿಲ್ಲ. ಪ್ರತಿದಿನ ಕಸ ಎಷ್ಟು ಎತ್ತರವೋ ಎಲೆಯೂ ಅಷ್ಟೇ ಎತ್ತರ, ಕೊನೆಯ ಪದರ ಯಾವಾಗಲೂ ಎಲೆಯದೇ. ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ. ತಿಂಗಳಲ್ಲಿ ಒಂದು ತುಂಬುತ್ತದೆ. ಮೂರನೆಯದು ತುಂಬುವ ಹೊತ್ತಿಗೆ ಮೊದಲನೆಯದು ತೆಗೆಯಲು ಸಿದ್ಧ.

ಕೆಡುವುದು ಕೆಲವೇ ರೀತಿಯಲ್ಲಿ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಎಲೆ ಕಡಿಮೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಳಿ ಇಲ್ಲ, ತಳದಲ್ಲಿ ನೀರು ನಿಂತಿದೆ. ಪೂರ್ತಿ ಸುರಿದು ಎಲೆ ಬೆರೆಸಿ ಮತ್ತೆ ತುಂಬಿ. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ನಿಲ್ಲಬೇಕು, ಹನಿ ಬೀಳಬಾರದು. ದಪ್ಪ ಬೂದು-ಕಂದು ಹುಳು ಕಂಡರೆ ಸಾಮಾನ್ಯವಾಗಿ ಅದು ಕಪ್ಪು ಸೈನಿಕ ನೊಣದ ಮರಿ, ಕಚ್ಚದು, ರೋಗ ತರದು, ಕೆಲಸ ಬೇಗ ಮಾಡುತ್ತದೆ. ಸಭೆಯಲ್ಲೇ ಫೋಟೋ ತೋರಿಸಿಬಿಡಿ, ಇಲ್ಲವಾದರೆ ಹುಳು ಕಂಡ ದಿನವೇ ಹತ್ತು ಮಡಕೆ ರಸ್ತೆಗೆ ಬರುತ್ತವೆ. ಎಳನೀರು ಬುರುಡೆ, ಮೂಳೆ, ಮಾವಿನ ಓಟೆ ಮಡಕೆಗೆ ಬೇಡ.

ಉತ್ತರ 2 | ಮೀಟರ್_ಬೋರ್ಡ್

ಸೋಲಾರ್ ಬಗ್ಗೆ. ಮೊದಲು 60 ಮನೆಯ ಕಳೆದ ಹನ್ನೆರಡು ಬಿಲ್ ಒಟ್ಟುಗೂಡಿಸಿ ಮೂರು ಗುಂಪು ಮಾಡಿ. ಸಂಘದ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಬಿಲ್ ಸೊನ್ನೆ ಇರುವವರಿಗೆ ಪ್ಯಾನೆಲ್ ಹಾಕಿ ಎಂದು ಒತ್ತಾಯ ಮಾಡಬೇಡಿ, ಉಳಿಸಲು ಬಿಲ್ಲೇ ಇಲ್ಲದಾಗ ಹಣ ಬೇಗ ವಾಪಸು ಬಾರದು. 180ರಿಂದ 220 ಯೂನಿಟ್ ನಡುವೆ ಓಲಾಡುವ ಮನೆಗಳು ಎರಡನೇ ಗುಂಪು. ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಉಚಿತ, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈ ಮನೆಗಳಿಗೆ ಬೇಕಿರುವುದು ಪ್ಯಾನೆಲ್ ಅಲ್ಲ, ಸೋಲಾರ್ ವಾಟರ್ ಹೀಟರ್. 20 ಲೀಟರ್ ಬಕೆಟ್ ನೀರನ್ನು 24 ಡಿಗ್ರಿಯಿಂದ 42ಕ್ಕೆ ಏರಿಸಲು 0.4 ಯೂನಿಟ್ ಚಿಲ್ಲರೆ ಬೇಕು. ನಾಲ್ಕು ಜನಕ್ಕೆ, ಗೀಸರಿನಲ್ಲಿ ಆರಿ ಹೋಗುವುದೂ ಸೇರಿ, ತಿಂಗಳಿಗೆ 60 ಯೂನಿಟ್ ಮುಟ್ಟುತ್ತದೆ. ಅದೊಂದು ಹೋದರೆ ಮನೆ ಆರಾಮವಾಗಿ 200ರ ಕೆಳಗೆ. ಬೋರ್‌ವೆಲ್ ಗಡಸು ನೀರಾದರೆ ತಾಮ್ರದ ಕೊಳವೆಯ ಫ್ಲ್ಯಾಟ್ ಪ್ಲೇಟ್ ಬೇಗ ಕಟ್ಟಿಕೊಳ್ಳುತ್ತದೆ. ಗಾಜಿನ ಕೊಳವೆಯದನ್ನು ತೊಳೆಯುವುದು ಸುಲಭ. ಕಾವೇರಿ ನೀರು ಬರುವ ಮನೆಗೆ ಎರಡೂ ನಡೆಯುತ್ತದೆ.

250 ಯೂನಿಟ್ ಮೀರಿದವರೇ ಚಾವಣಿ ಸೋಲಾರ್‌ನ ನಿಜವಾದ ಗಿರಾಕಿಗಳು. 2024ರ ಫೆಬ್ರವರಿಯಲ್ಲಿ ಶುರುವಾದ ಸೂರ್ಯ ಘರ್‌ನಲ್ಲಿ ಸಹಾಯಧನ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಮೇಲೆ 78,000 ರೂಪಾಯಿ. ದೇಶೀ ಸೆಲ್‌ನಿಂದ ಮಾಡಿದ ದೇಶೀ ಪ್ಯಾನೆಲ್‌ಗೆ ಮಾತ್ರ. ಕಡಿಮೆ ದರ ಹೇಳುವ ಕೊಟೇಶನ್‌ನಲ್ಲಿ ಇದನ್ನೇ ಮೊದಲು ನೋಡಿ. ಹಣ ಗ್ರಾಹಕರ ಖಾತೆಗೆ, ಅದೂ ಅಳವಡಿಸಿ ತಪಾಸಣೆ ಆದ ಮೇಲೆ ಬರುತ್ತದೆ. ಆರ್.ಆರ್. ನಂಬರ್ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ಅರ್ಜಿಗೆ ಮೊದಲು ಮೈಸೂರಿನ ವಿದ್ಯುತ್ ಕಂಪನಿ ಸೆಸ್ಕ್‌ನಲ್ಲಿ ಹೆಸರು ಬದಲಾವಣೆ ಮಾಡಿಸಿ. ಹೆಚ್ಚು ಅರ್ಜಿ ಸಿಕ್ಕಿಕೊಳ್ಳುವುದು ಇಲ್ಲೇ. ಮಂಜೂರಾದ ಲೋಡ್ ಎಷ್ಟಿದೆ ಎಂದೂ ನೋಡಿಕೊಳ್ಳಿ.

3 ಕಿಲೋವ್ಯಾಟ್ ನಮ್ಮ ಕಡೆ ವರ್ಷದ ಸರಾಸರಿಯಲ್ಲಿ ದಿನಕ್ಕೆ 12 ಯೂನಿಟ್ ಕೊಡುತ್ತದೆ, ಮಳೆಗಾಲದಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ. ನೆರಳಿಲ್ಲದ ಜಾಗ 250-300 ಚದರಡಿ ಬೇಕು. 30x40 ಸೈಟಿನಲ್ಲಿ ಜಾಗ ಇದೆ, ನೆರಳೇ ಸಮಸ್ಯೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ಮಧ್ಯಾಹ್ನವೂ 54 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಆಗ ಬೆಳಿಗ್ಗೆ 9ಕ್ಕೆ ಮತ್ತು ಸಂಜೆ 4ಕ್ಕೆ ಓವರ್‌ಹೆಡ್ ಟ್ಯಾಂಕ್, ಪಕ್ಕದ ಮನೆಯ ಮೆಟ್ಟಿಲು ಕೋಣೆ, ತೆಂಗಿನ ಗರಿ ಎಲ್ಲಿ ಬೀಳುತ್ತವೆ ಎಂದು ಗುರುತು ಹಾಕಿ. ಒಂದೇ ಸೆಲ್ ಪೂರ್ತಿ ಮುಚ್ಚಿದರೂ ಮಾಮೂಲಿ ಪ್ಯಾನೆಲ್‌ನ ಮೂರನೇ ಒಂದು ಭಾಗ ನಿಂತುಹೋಗುತ್ತದೆ, ಏಕೆಂದರೆ ಬೈಪಾಸ್ ಡಯೋಡ್ ಆ ಸಾಲನ್ನೇ ಬಿಟ್ಟು ಸಾಗುತ್ತದೆ.

ಸಂಘ ಮಾಡಬೇಕಾದದ್ದು ಒಟ್ಟಿಗೆ ಚೌಕಾಸಿ, ಒಂದೇ ಷರತ್ತಿನ ಪಟ್ಟಿ. ಎಂಟು-ಹತ್ತು ಮನೆ ಸೇರಿದರೆ ದರ ಇಳಿಯುತ್ತದೆ. ಕೊಟೇಶನ್‌ನಲ್ಲಿ ಪ್ಯಾನೆಲ್, ಇನ್ವರ್ಟರ್, ಸ್ಟ್ರಕ್ಚರ್, ಎ.ಸಿ. ಮತ್ತು ಡಿ.ಸಿ. ಬಾಕ್ಸ್, ಮೀಟರ್ ಶುಲ್ಕ ಬೇರೆಬೇರೆ ಬರೆಸಿಕೊಳ್ಳಿ. ಡಿ.ಸಿ., ಎ.ಸಿ., ಮಿಂಚು ಬಂಧಕ ಮೂರಕ್ಕೂ ಪ್ರತ್ಯೇಕ ಅರ್ಥಿಂಗ್ ಗುಂಡಿ. ಎರಡನ್ನು ಒಂದು ಮಾಡಿ ಹೋಗುವುದು ಮಾಮೂಲಿ ಕಳ್ಳಾಟ. ಪ್ಯಾನೆಲ್ ತಂತಿ ಜೋಡಿಸುವ ಎಂಸಿ4 ಕನೆಕ್ಟರ್ ಜೋಡಿಯ ಎರಡೂ ತುದಿ ಒಂದೇ ಕಂಪನಿಯದಿರಲಿ. ಬೇರೆಬೇರೆ ಸೇರಿಸಿದರೆ ಸಂಪರ್ಕ ಸಡಿಲವಾಗಿ ಬಿಸಿಯೇರಿ ಕರಗುತ್ತದೆ, ಚಾವಣಿ ಬೆಂಕಿಗೆ ಇದೊಂದು ದೊಡ್ಡ ಕಾರಣ. ಚಾವಣಿಗೆ ವಾಟರ್‌ಪ್ರೂಫಿಂಗ್ ಆಗಿದ್ದರೆ ಕೊರೆಯಬೇಡಿ, ಕಾಂಕ್ರೀಟ್ ದಿಮ್ಮಿಯ ಮೇಲೆ ಕೂರಿಸಲಿ. ಕೊನೆಯ ಶೇ. 10 ಹಣವನ್ನು ದ್ವಿಮುಖ ಮೀಟರ್ (ಲೈನಿನಿಂದ ಬಂದದ್ದು, ಲೈನಿಗೆ ಹೋದದ್ದು ಎರಡನ್ನೂ ಅಳೆಯುವುದು) ತಿರುಗುವವರೆಗೂ ಕೈಯಲ್ಲೇ ಇಟ್ಟುಕೊಳ್ಳಿ.

ಅಳವಡಿಸಿದ ಮೇಲೆ ಎಲ್ಲರ ತಿಂಗಳ ಉತ್ಪಾದನೆಯನ್ನು ಕಿಲೋವ್ಯಾಟ್‌ಗೆ ಇಷ್ಟು ಯೂನಿಟ್ ಎಂದು ಒಂದೇ ಹಾಳೆಯಲ್ಲಿ ಬರೆಯಿರಿ. ಒಂದೇ ಬಿಸಿಲಿನ ಕೆಳಗೆ ಒಂದು ಮನೆ ಶೇ. 15 ಹಿಂದೆ ಬಿದ್ದರೆ ಅಲ್ಲಿ ಧೂಳು, ನೆರಳು ಅಥವಾ ಸತ್ತ ಸ್ಟ್ರಿಂಗ್ (ಪ್ಯಾನೆಲ್ ಸಾಲು) ಇದೆ ಎಂದೇ ಅರ್ಥ. ಒಂಟಿ ಮನೆಯವರಿಗೆ ಇದು ವರ್ಷಗಟ್ಟಲೆ ಗೊತ್ತಾಗುವುದಿಲ್ಲ.

ಉತ್ತರ 3 | ಅಡಿಕೆತೋಟ

ಶಿರಸಿ-ಸಿದ್ದಾಪುರ ಕಡೆ ಗೋಬರ್ ಗ್ಯಾಸ್ ದಶಕಗಳಿಂದ ಚೆನ್ನಾಗಿ ನಡೆಯುತ್ತಿದೆ, ಹಾಗಾಗಿ ಪಾರ್ಕಿನಲ್ಲೂ ನಡೆಯುತ್ತದೆ ಎಂಬ ಲೆಕ್ಕ ಬೇಡ. ಅಲ್ಲಿ ಸಗಣಿ ಕೊಟ್ಟಿಗೆಯಲ್ಲೇ ಸಿಗುತ್ತದೆ, ಒಲೆ ಹತ್ತಡಿ ದೂರ, ಬಗ್ಗಡ ಹೋಗಲು ಅಡಿಕೆ ತೋಟ ಇದೆ. ನಿಮ್ಮಲ್ಲಿ ಮೂರೂ ಇಲ್ಲ.

28 ಕೆ.ಜಿ. ಕಸಕ್ಕೆ ಅಷ್ಟೇ ನೀರು ಬೆರೆಸಬೇಕು. ಒಳಗೆ ಹೋದ 56 ಲೀಟರ್‌ನಷ್ಟೇ ಬಗ್ಗಡ ದಿನಾ ಹೊರಗೆ ಬರುತ್ತದೆ. ಮಳೆಗಾಲದಲ್ಲಿ ಪಾರ್ಕು ಅದನ್ನು ಕುಡಿಯದು, ಚರಂಡಿಗೆ ಬಿಟ್ಟರೆ ಜಗಳ. ಗ್ಯಾಸ್ ಎರಡೂವರೆ-ಮೂರು ಘನ ಮೀಟರ್ ಸಿಗಬಹುದು. ಒಂದು ಘನ ಮೀಟರ್ ಅಂದರೆ ಸುಮಾರು 0.45 ಕೆ.ಜಿ. ಎಲ್‌ಪಿಜಿ. ತಿಂಗಳಿಗೆ ಎರಡೂವರೆ ಸಿಲಿಂಡರ್ ಆಯಿತು, ಆದರೆ 40 ಮನೆಯಲ್ಲಿ ಯಾರಿಗೆ? ಈ ಗ್ಯಾಸಿನ ಒತ್ತಡ ಕೆಲವು ಇಂಚು ನೀರಿನಷ್ಟೇ. ದೂರದ ಪೈಪಿನಲ್ಲಿ ತಗ್ಗು ಸಿಕ್ಕಲ್ಲೆಲ್ಲ ನೀರು ನಿಂತು ದಾರಿ ಕಟ್ಟುತ್ತದೆ.

ಬಡಾವಣೆಯ ಹತ್ತಿರ ಹಾಸ್ಟೆಲ್, ಕಲ್ಯಾಣ ಮಂಟಪ, ದಾಸೋಹ ಇರುವ ದೇವಸ್ಥಾನ ಇದ್ದರೆ ಅವರಿಗೆ ಹೇಳಿ: ಕಸವೂ ಅಲ್ಲೇ, ಒಲೆಯೂ ಅಲ್ಲೇ. ಹಾಕುವವರಿಗೆ ಎರಡು ಮಾತು. ಮೊದಲ ತುಂಬುವಿಕೆ ಸಗಣಿ-ನೀರು ಸಮಸಮ, ಎರಡು-ಮೂರು ವಾರ ಕಾಯಬೇಕು. ಮೊದಲು ಬರುವ ಗ್ಯಾಸ್ ಉರಿಯದು, ಬಿಟ್ಟುಬಿಡಿ. ಒಮ್ಮೆಲೇ ಹೆಚ್ಚು ಅನ್ನ, ನಿಂಬೆ ಸಿಪ್ಪೆ ಸುರಿದರೆ ಹುಳಿಯೇರಿ ಗ್ಯಾಸ್ ನಿಲ್ಲುತ್ತದೆ. ಆಗ ಕಸ ಹಾಕುವುದು ನಿಲ್ಲಿಸಿ ಸಗಣಿ ನೀರು, ಸ್ವಲ್ಪ ಸುಣ್ಣದ ತಿಳಿ ಕೊಟ್ಟು ಕಾಯಿರಿ.

ಮರುಪ್ರಶ್ನೆ | ಕಾರ್ಯದರ್ಶಿ_ಮೈಸೂರು

ಬಯೋಗ್ಯಾಸ್, ಯಂತ್ರ ಎರಡನ್ನೂ ಬಿಡುತ್ತೇವೆ. ಎರಡು ಅನುಮಾನ. ಕರೆಂಟ್ ಹೋದಾಗ ಸೋಲಾರ್ ಮನೆಗೆ ಬೆಳಕು ಇರುತ್ತದಲ್ಲವೇ? ಪಾರ್ಕಿನ ಬೋರ್‌ವೆಲ್‌ಗೂ ಸಹಾಯಧನ ಇದೆಯೇ?

ಉತ್ತರ | ಮೀಟರ್_ಬೋರ್ಡ್

ಇರುವುದಿಲ್ಲ. ಆನ್‌ಗ್ರಿಡ್ (ಬ್ಯಾಟರಿ ಇಲ್ಲದೆ ನೇರ ಲೈನಿಗೆ ಸೇರಿದ) ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಇಲ್ಲವೆಂದರೆ ತಾನೇ ನಿಲ್ಲುತ್ತದೆ, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ಹಿಂದಿನಿಂದ ಶಾಕ್ ಹೊಡೆಯಬಾರದು ಎಂದು. ಇದನ್ನು ಸಭೆಯಲ್ಲಿ ಮೊದಲೇ ಹೇಳಿ. ಈಗಿರುವ ಯುಪಿಎಸ್-ಬ್ಯಾಟರಿಯನ್ನು ಹಾಗೇ ಇಟ್ಟುಕೊಳ್ಳಿ. ಬ್ಯಾಟರಿಯನ್ನೂ ಸೇರಿಸಬಹುದಾದ ಹೈಬ್ರಿಡ್ ಇನ್ವರ್ಟರ್ ಎಲ್ಲರಿಗೂ ಬೇಕಿಲ್ಲ.

ನಿವಾಸಿಗಳ ಸಂಘಕ್ಕೆ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಇದೆ, ಮನೆಗೆ 3 ಕಿಲೋವ್ಯಾಟ್ ಲೆಕ್ಕದಲ್ಲಿ 500 ಕಿಲೋವ್ಯಾಟ್‌ವರೆಗೆ. ಆದರೆ ಬೋರ್‌ವೆಲ್ ಮೀಟರ್ ಯಾರ ಹೆಸರಲ್ಲಿದೆ ನೋಡಿ. ಪಾಲಿಕೆಯ ಹೆಸರಲ್ಲಿದ್ದರೆ ನಿಮ್ಮ ಸಂಘ ಅರ್ಜಿ ಹಾಕುವಂತಿಲ್ಲ.

ಉತ್ತರ | ಎಲೆಗೊಬ್ಬರ

ಒಂದು ಬಿಟ್ಟುಹೋಗಿತ್ತು. ಹಾಲಿನ ಪ್ಯಾಕೆಟ್ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರ್ಪಡಿಸಬೇಡಿ ಎಂದು ಎಲ್ಲರಿಗೂ ಹೇಳಿ. ಆ ಚೂರು ಮರುಬಳಕೆಗೆ ಸಿಗುವುದಿಲ್ಲ, ಬಹುಪಾಲು ಗೊಬ್ಬರದ ಮಡಕೆಯಲ್ಲೇ ಬಂದು ಕೂರುತ್ತದೆ. ಸೀಳಿ, ತೊಳೆದು, ತಂತಿಗೆ ನೇತುಹಾಕಿ ಒಣಗಿಸಿ ಕೊಟ್ಟರೆ ಕಸ ಆಯುವವರೂ ಒಳ್ಳೆಯ ದರಕ್ಕೆ ಒಯ್ಯುತ್ತಾರೆ. ಇನ್ನು ಎಲೆ ಶೆಡ್‌ನ ಕೀಲಿ ಕಾರ್ಯದರ್ಶಿಯ ಮನೆಯಲ್ಲಿ ಇಡಬೇಡಿ. ಚೀಲ ಬೇಕಾದವರು ಬಾಗಿಲು ತಟ್ಟಲು ಸಂಕೋಚಪಟ್ಟು ಎಲೆ ಇಲ್ಲದೆಯೇ ಕಸ ಸುರಿಯುತ್ತಾರೆ. ನಂಬರ್ ಬೀಗ ಹಾಕಿ, ನಂಬರನ್ನು 40 ಮನೆಗೂ ಕೊಟ್ಟುಬಿಡಿ.